ಬೆಲ್ ಗ್ರೋವ್: ಫೋಟೊಗಳಲ್ಲಿ ಉಳಿದ ಬಂಗಲೆ

ಅಮೆರಿಕದ ಲೂಯಿಸಿಯಾನಾದಲ್ಲಿ, ಮಿಸಿಸಿಪ್ಪಿ ನದಿಯ ಬಳಿ, ವೈಟ್ ಕ್ಯಾಸಲ್ ಊರಿಗೆ ಹತ್ತಿರವಿದ್ದ ಕಬ್ಬಿನ ತೋಟದ ಬಂಗಲೆ ಬೆಲ್ ಗ್ರೋವ್. ತೋಟದ ಧಣಿ ಜಾನ್ ಆಂಡ್ರ್ಯೂಸ್‌ಗಾಗಿ ನಕ್ಷೆ ಹಾಕಿದವನು ನ್ಯೂ ಆರ್ಲಿಯನ್ಸ್‌ನ ವಾಸ್ತುಶಿಲ್ಪಿ ಹೆನ್ರಿ ಹೋವರ್ಡ್. 1857ರಲ್ಲಿ ಕೆಲಸ ಮುಗಿದಾಗ ಕೋಣೆಗಳ ಲೆಕ್ಕ 75. ಮುಂಭಾಗದಲ್ಲಿ ಗ್ರೀಕ್ ದೇಗುಲದಂಥ ಕಂಬಗಳು, ಉಳಿದೆಡೆ ಇಟಲಿಯ ಬಂಗಲೆಗಳ ಛಾಯೆ. ಈ ವೈಭವಕ್ಕೆಲ್ಲ ಹಣ ಸಕ್ಕರೆಯದು. ಕಬ್ಬು ಕಡಿದು ಸಕ್ಕರೆ ತೆಗೆದವರು ಗುಲಾಮರು.

ಅಂತರ್ಯುದ್ಧದಲ್ಲಿ ಗುಲಾಮಗಿರಿ ಕೊನೆಗೊಂಡಿತು. 1868ರಲ್ಲಿ ಆಂಡ್ರ್ಯೂಸ್ ತೋಟ ಮಾರಿದ. ಕೊಂಡ ವೇರ್ ಮನೆತನದವರೂ 1920ರ ದಶಕದಲ್ಲಿ ಬಿಟ್ಟುಹೋದರು. ಸೂರು ಸೋರಿತು, ಗಾರೆ ಉದುರಿತು, 1952ರ ಮಾರ್ಚ್‌ನಲ್ಲಿ ಉಳಿದದ್ದೂ ಸುಟ್ಟುಹೋಯಿತು.

ಬೀಳುತ್ತಿದ್ದ ಆ ವರ್ಷಗಳಲ್ಲೇ ಮನೆಗೆ ಕ್ಯಾಮೆರಾಗಳು ಬಂದವು. 1935ರಲ್ಲಿ ವಾಕರ್ ಇವಾನ್ಸ್ ತೆಗೆದ ಉಪಾಹಾರದ ಕೋಣೆಯ ಚಿತ್ರ ಹೆಸರುವಾಸಿ: ಖಾಲಿ ಕೋಣೆ, ಕೆತ್ತನೆಯ ಬೋದಿಗೆಗಳು, ಸಿಪ್ಪೆ ಏಳುತ್ತಿರುವ ಗೋಡೆ. ಒಂದು ನರಪಿಳ್ಳೆಯೂ ಇಲ್ಲ. ಆ ಕಂಬಗಳನ್ನು ಎತ್ತಿಸಿದ ಸಂಪತ್ತು ಎಲ್ಲಿಂದ ಬಂತೆಂದು ನೋಡುಗ ಬೇರೆಡೆ ಓದಿಯೇ ತಿಳಿಯಬೇಕು. ಪಾಳು ಮನೆ ಚಿತ್ರದಲ್ಲಿ ಚೆಂದ ಕಾಣುವುದರ ತೊಡಕು ಇದು. 1864ರಲ್ಲಿ ಹುಟ್ಟಿದ ಛಾಯಾಗ್ರಾಹಕಿ ಫ್ರಾನ್ಸಿಸ್ ಬೆಂಜಮಿನ್ ಜಾನ್‌ಸ್ಟನ್ ಎಪ್ಪತ್ತರ ಆಸುಪಾಸಿನಲ್ಲಿ ಕಾರ್ನೆಗಿ ಕಾರ್ಪೊರೇಷನ್ನಿನ ನೆರವಿನಿಂದ ದಕ್ಷಿಣದ ರಾಜ್ಯಗಳನ್ನು ಸುತ್ತಿದಳು. ಆಕೆಯ ಕಣ್ಣು ಬಂಗಲೆಗಳಾಚೆ ಸಾಮಾನ್ಯರ ಮನೆ, ಕೊಟ್ಟಿಗೆಗಳ ಮೇಲೂ ಬಿತ್ತು. ಆಕೆಯ ಸಾವಿರಾರು ಚಿತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ವಾಸ್ತುಶಿಲ್ಪಿಗಳಿಗೆ ಉದ್ಯೋಗ ಕೊಡಲೆಂದು 1933ರಲ್ಲಿ ಆರಂಭವಾದ ಸರ್ಕಾರಿ ಸಮೀಕ್ಷೆಯೂ ಇಂಥ ಕಟ್ಟಡಗಳ ಅಳತೆ, ನಕ್ಷೆ, ಫೋಟೊಗಳನ್ನು ಅಲ್ಲಿಗೇ ಸೇರಿಸಿತು. ಛಾಯಾಗ್ರಾಹಕ ಕ್ಲಾರೆನ್ಸ್ ಜಾನ್ ಲಾಫ್ಲಿನ್ ಮಾತ್ರ ದಾಖಲೆಗಿಂತ ಭೂತಚೇಷ್ಟೆಯನ್ನೇ ಮೆಚ್ಚಿದವನು. ನದಿದಂಡೆಯ ಪಾಳು ಬಂಗಲೆಗಳ ಅವನ ಚಿತ್ರಸಂಪುಟ 1948ರಲ್ಲಿ ಬಂತು.

ಪಕ್ಕದ ಮಿಸಿಸಿಪ್ಪಿ ರಾಜ್ಯದ ವಿಂಡ್ಸರ್ ಬಂಗಲೆಯದು ತಿರುಗುಮುರುಗು ಪಾಡು. 1861ರಲ್ಲಿ ಪೂರ್ಣಗೊಂಡು 1890ರಲ್ಲಿ ಸುಟ್ಟ ಆ ಮನೆಯ 23 ಕಂಬಗಳು ನಿಂತಿವೆ, ಮನೆಯ ಫೋಟೊ ಮಾತ್ರ ಒಂದೂ ಸಿಕ್ಕಿಲ್ಲ. ಅದರ ಅಂಗಳದಲ್ಲಿ 1863ರಲ್ಲಿ ಬಿಡಾರ ಹೂಡಿದ್ದ ಉತ್ತರದ ಸೇನೆಯ ಹೆನ್ರಿ ಓಟಿಸ್ ಡ್ವೈಟ್ ಗೀಚಿಟ್ಟ ರೇಖಾಚಿತ್ರ 1991ರಲ್ಲಿ ಓಹಿಯೊದ ದಫ್ತರಖಾನೆಯಲ್ಲಿ ಸಿಕ್ಕಿತು. ಮನೆ ಸುಟ್ಟು ಆಗ 101 ವರ್ಷವಾಗಿತ್ತು.