ಮಟ್ಟುಗುಳ್ಳ ಮತ್ತು ಒಂದು ವಂಶವಾಹಿ



ಉಡುಪಿಯಿಂದ ಕಾಪುವಿಗೆ ಹೋಗುವ ಹೆದ್ದಾರಿಯಲ್ಲಿ ಕಟಪಾಡಿ ಸಿಗುತ್ತದೆ. ಅಲ್ಲಿಂದ ಪಡುವಣಕ್ಕೆ ತಿರುಗಿದರೆ ಕಡಲ ದಂಡೆಯ ಮಟ್ಟು ಗ್ರಾಮ. ಇಲ್ಲಿನ ಬದನೆ ದುಂಡಗಿದ್ದು, ಹಸಿರು ಮೈಮೇಲೆ ಬಿಳಿ ಗೆರೆಗಳನ್ನೂ ತೊಟ್ಟಿನಲ್ಲಿ ಮುಳ್ಳುಗಳನ್ನೂ ಹೊಂದಿರುತ್ತದೆ. ಇದೇ ಮಟ್ಟುಗುಳ್ಳ. ಸೋದೆಯ ವಾದಿರಾಜ ಯತಿಗಳು ಇದರ ಬೀಜ ಕೊಟ್ಟರೆಂಬುದು ಊರವರ ನಂಬಿಕೆ. ಮೊದಲ ಫಸಲು ಉಡುಪಿಯ ಕೃಷ್ಣನಿಗೆ ಸಲ್ಲುತ್ತದೆ.

ಈ ಕಾಯಿಗೂ ನಿಮ್ಮ ಜೀವಶಾಸ್ತ್ರದ ಪಾಠಕ್ಕೂ ಏನು ಸಂಬಂಧ? ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಲಿಂಗಾಣುಗಳು ರೂಪುಗೊಳ್ಳುವಾಗ ಜೋಡಿ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಇದೇ ಮರುಸಂಯೋಜನೆ. ಹತ್ತಿರವಿರುವ ವಂಶವಾಹಿಗಳು ಬೇರ್ಪಡುವುದು ಅಪರೂಪ, ದೂರದವು ಬೇರ್ಪಡುವುದು ಹೆಚ್ಚು. ಅಮೆರಿಕದಲ್ಲಿ ಮಾರ್ಗನ್ನರ ಪ್ರಯೋಗಾಲಯದಲ್ಲಿದ್ದ ಸ್ಟರ್ಟೆವಾಂಟ್ ಈ ಲೆಕ್ಕದಿಂದಲೇ ಹಣ್ಣುನೊಣದ ವಂಶವಾಹಿಗಳ ಮೊದಲ ನಕ್ಷೆ ರಚಿಸಿದರು. ಆಗ ಅವರೂ ನಿಮ್ಮಂತೆ ಕಾಲೇಜು ವಿದ್ಯಾರ್ಥಿ! ನಕ್ಷೆ 1913ರಲ್ಲಿ ಪ್ರಕಟವಾಯಿತು.

1973ರಲ್ಲಿ ಕೋಹೆನ್ ಮತ್ತು ಬಾಯರ್ ವಂಶವಾಹಿಯನ್ನು ಕತ್ತರಿಸಿ, ಜೋಡಿಸಿ, ಬ್ಯಾಕ್ಟೀರಿಯಾದೊಳಗೆ ಸೇರಿಸಿದರು. ಮುಂದೆ ಇಲಿಯ ಒಂದೇ ವಂಶವಾಹಿಯನ್ನು ಕೆಡಿಸಿ ಅದರ ಕೆಲಸವೇನೆಂದು ತಿಳಿಯುವ ವಿಧಾನವೂ ಬಂತು. ಅದಕ್ಕೆ 2007ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಬದನೆಗೆ ಕಾಯಿಕೊರಕ ಹುಳುವಿನ ಕಾಟ ಹೆಚ್ಚು. ಅದಕ್ಕಾಗಿ ರೈತರು ಪದೇ ಪದೇ ವಿಷ ಸಿಂಪಡಿಸುತ್ತಾರೆ. ಇದನ್ನು ತಪ್ಪಿಸಲು ಮಹಿಕೋ ಕಂಪನಿಯು ಮಣ್ಣಿನ ಬ್ಯಾಕ್ಟೀರಿಯಾವೊಂದರ ವಂಶವಾಹಿಯನ್ನು ಬದನೆಗೆ ಸೇರಿಸಿತು. ಆ ವಂಶವಾಹಿ ತಯಾರಿಸುವ ಪ್ರೋಟೀನು ಹುಳುವಿನ ಕರುಳನ್ನು ಕೆಡಿಸುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಈ ಗುಣವನ್ನು ಆರು ಸ್ಥಳೀಯ ತಳಿಗಳಿಗೆ ತರಲು ಮುಂದಾಯಿತು. ಅವುಗಳಲ್ಲಿ ಒಂದರ ಹೆಸರು ‘ಉಡುಪಿ ಲೋಕಲ್’.

ತರುವುದು ಹೇಗೆ? ಹೊಸ ವಂಶವಾಹಿಯ ಗಿಡವನ್ನು ಸ್ಥಳೀಯ ತಳಿಯೊಡನೆ ಸಂಕರಗೊಳಿಸಿ, ಹುಟ್ಟಿದ್ದನ್ನು ಮತ್ತೆ ಮತ್ತೆ ಸ್ಥಳೀಯ ತಳಿಯೊಡನೆಯೇ ಕೂಡಿಸಬೇಕು. ಪ್ರತಿ ಸಲವೂ ಹೊರಗಿನ ಪಾಲು ಅರ್ಧಕ್ಕೆ ಇಳಿಯುತ್ತದೆ. ಆರು ಸಲ ಹೀಗೆ ಮಾಡಿದರೆ ಸರಾಸರಿ ಶೇಕಡಾ 99ಕ್ಕಿಂತ ಹೆಚ್ಚು ಸ್ಥಳೀಯ ಅಂಶವೇ ಆಗಿರುತ್ತದೆ. ಆದರೆ ಹೊಸ ವಂಶವಾಹಿಯ ಅಕ್ಕಪಕ್ಕದವು ಸುಲಭವಾಗಿ ಬಿಟ್ಟುಹೋಗವು. ಸ್ಟರ್ಟೆವಾಂಟ್ ಕಂಡ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತದೆ.

2009ರ ಅಕ್ಟೋಬರಿನಲ್ಲಿ ಕೇಂದ್ರದ ತಜ್ಞ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ನೀಡಿದಾಗ ಮಟ್ಟುವಿನ ಬೆಳೆಗಾರರಿಗೆ ಕಳವಳವಾಯಿತು. ಬದನೆ ಹೆಚ್ಚಾಗಿ ಸ್ವಕೀಯ ಪರಾಗಸ್ಪರ್ಶದ ಗಿಡವಾದರೂ ಜೇನುನೊಣ ಪಕ್ಕದ ಹೊಲದ ಪರಾಗವನ್ನು ತರಬಲ್ಲದು. ಬೀಜವನ್ನು ತಾವೇ ಉಳಿಸಿಕೊಳ್ಳುವವರಿಗೆ ಇದು ಸಣ್ಣ ಮಾತಲ್ಲ. ಏಳು ನಗರಗಳಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿದ ಮೇಲೆ, 2010ರ ಫೆಬ್ರವರಿ 9ರಂದು ಪರಿಸರ ಸಚಿವ ಜೈರಾಮ್ ರಮೇಶ್ ಅದರ ಬಿಡುಗಡೆಯನ್ನು ತಡೆಹಿಡಿದರು. ಸ್ಥಳೀಯ ತಳಿಗಳನ್ನು ಬಳಸುವ ಮುನ್ನ 2002ರ ಜೀವವೈವಿಧ್ಯ ಕಾಯಿದೆಯಂತೆ ಅನುಮತಿ ಪಡೆಯಲಾಗಿತ್ತೇ ಎಂಬ ಪ್ರಶ್ನೆ ನ್ಯಾಯಾಲಯಕ್ಕೂ ಹೋಯಿತು. ನೆರೆಯ ಬಾಂಗ್ಲಾದೇಶ ಮಾತ್ರ 2013ರಲ್ಲಿ ಬಿಟಿ ಬದನೆಗೆ ಅನುಮತಿ ನೀಡಿತು.

2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದು ಹೆಸರನ್ನು ಕಾಯುತ್ತದೆ. ತಳಿಯನ್ನು ಕಾಯುವವರು ಬೀಜಕ್ಕೆಂದು ಒಳ್ಳೆಯ ಕಾಯಿಗಳನ್ನು ಆರಿಸಿ ಇಡುವ ಬೆಳೆಗಾರರೇ. ನೀವು ಮಣಿಪಾಲದಲ್ಲಿ ಓದುತ್ತಿರಲಿ, ಕಾರ್ಕಳದಲ್ಲಿ ಓದುತ್ತಿರಲಿ, ಫಸಲಿನ ಕಾಲದಲ್ಲಿ ಒಮ್ಮೆ ಮಟ್ಟುವಿಗೆ ಹೋಗಿ, ಆ ಕಾಯಿಗಳನ್ನು ಹೇಗೆ ಆರಿಸುತ್ತಾರೆಂದು ಕೇಳಿ ಬನ್ನಿ.