ಬೊಂಬಾಯಿಯ ಬಸುರಿಯರು ಮತ್ತು ಒಂದು ಕಪ್ಪು ಬಾಟಲಿ

ಇಲ್ಲಿನ ಯಾವ ದೊಡ್ಡ ಸೂಪರ್‌ಮಾರ್ಕೆಟ್ಟಿಗೆ ಹೋದರೂ ಜಾಮ್, ಜೇನುತುಪ್ಪದ ಪಕ್ಕದಲ್ಲಿ ಹಳದಿ ಮುಚ್ಚಳದ ಒಂದು ಕಪ್ಪು ಬಾಟಲಿ ಕಾಣಿಸುತ್ತದೆ. ಹೆಸರು ಮಾರ್ಮೈಟ್. ಬಿಯರ್ ಮಾಡಿದ ಮೇಲೆ ಉಳಿಯುವ ಯೀಸ್ಟಿನಿಂದ ಇಂಗ್ಲೆಂಡಿನವರು 1902ರಿಂದ ತಯಾರಿಸುತ್ತಿರುವ ಸಾರ ಅದು. ಒಮ್ಮೆ ಬ್ರೆಡ್ಡಿಗೆ ಸವರಿ ತಿಂದು ನೋಡಿದೆ. ಉಪ್ಪೆಂದರೆ ಉಪ್ಪು, ಜೊತೆಗೆ ಕಹಿ. ರೂಮಿನಲ್ಲಿ ಯಾರೂ ಎರಡನೇ ತುಂಡು ಕೇಳಲಿಲ್ಲ. ಆದರೆ ಇವತ್ತು ಬಸುರಿಯರಿಗೆ ಡಾಕ್ಟರು ಬರೆದುಕೊಡುವ ಫೋಲಿಕ್ ಆಸಿಡ್ ಮಾತ್ರೆಯ ಕಥೆ ಶುರುವಾಗುವುದು ಈ ಬಾಟಲಿಯಿಂದ, ಅದೂ ಬೊಂಬಾಯಿಯಲ್ಲಿ.

ನಮ್ಮ ಕರಾವಳಿಯವರು ಗಲ್ಫಿಗೆ ಬರುವುದಕ್ಕಿಂತ ಎಷ್ಟೋ ಮೊದಲು ದುಡಿಮೆಗೆ ಹೋಗುತ್ತಿದ್ದುದು ಬೊಂಬಾಯಿಗೇ ತಾನೇ? ಆಗ ಅದು ಹತ್ತಿಗಿರಣಿಗಳ ಊರು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದರು. ಗಿರಣಿ ಕೆಲಸದ ಬಡ ಹೆಂಗಸರಿಗೆ ಬಸುರಿನಲ್ಲಿ ಭಾರೀ ರಕ್ತಹೀನತೆ ಬರುತ್ತಿತ್ತು, ಎಷ್ಟೋ ಮಂದಿ ಸಾಯುತ್ತಿದ್ದರು. ರಕ್ತ ಪರೀಕ್ಷಿಸಿದರೆ ಕೆಂಪು ಕಣಗಳು ಕಡಿಮೆ, ಇದ್ದವೂ ಊದಿಕೊಂಡಂತೆ ದೊಡ್ಡವು. ವಿಲ್ಸ್ ಮೊದಲು ಸೋಂಕಿಗಾಗಿ ಹುಡುಕಿದರು, ಸಿಗಲಿಲ್ಲ. ಆಮೇಲೆ ಅಡುಗೆಮನೆ ಕಡೆ ತಿರುಗಿ ಯಾರು ಏನು ತಿನ್ನುತ್ತಾರೆಂದು ವಿಚಾರಿಸಿದರು. ಸೊಪ್ಪು, ತರಕಾರಿ, ಹಣ್ಣು ಹೆಚ್ಚಾಗಿ ಕಾಣದ ಊಟ! ಅಂಥದೇ ಆಹಾರವನ್ನು ಇಲಿಗಳಿಗೆ, ಮತ್ತೆ ಮಂಗಗಳಿಗೆ ಕೊಟ್ಟರು. ಮಂಗಗಳಿಗೂ ರಕ್ತಹೀನತೆ ಬಂತು. ಮಾರ್ಮೈಟ್ ತಿನ್ನಿಸಿದಾಗ ಚೇತರಿಸಿಕೊಂಡವು. ಹೆಂಗಸರೂ ಚೇತರಿಸಿಕೊಂಡರು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಪ್ರಕಟವಾಯಿತು. ಅದರೊಳಗಿದ್ದ ವಸ್ತು ಯಾವುದೆಂದು ಮಾತ್ರ ಗೊತ್ತಿರಲಿಲ್ಲ, ಹಾಗಾಗಿ ‘ವಿಲ್ಸ್ ಅಂಶ’ ಎಂದೇ ಕರೆದರು.

1941ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಟನ್‌ಗಟ್ಟಲೆ ಪಾಲಕ್ ಸೊಪ್ಪಿನಿಂದ ಒಂದು ಆಮ್ಲವನ್ನು ಬೇರ್ಪಡಿಸಿ, ಲ್ಯಾಟಿನ್ನಿನಲ್ಲಿ ಎಲೆ ಎನ್ನುವ ಪದದಿಂದ ‘ಫೋಲಿಕ್’ ಎಂದು ಹೆಸರಿಟ್ಟರು. 1945ರ ಹೊತ್ತಿಗೆ ಲೆಡರ್ಲೆ ಕಂಪನಿಯ ಪ್ರಯೋಗಾಲಯದಲ್ಲಿ ಅದನ್ನು ಕೃತಕವಾಗಿ ತಯಾರಿಸಿದರು. ಆ ತಂಡದ ಮುಂದಾಳು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ದೇಶ ಬಿಟ್ಟು ದುಡಿದವರೇ ಅವರೂ.

ಅಲ್ಲಿಯವರೆಗೆ ಇದು ತಾಯಿಯ ರಕ್ತದ ಮಾತಾಗಿತ್ತು. ಮಗುವಿನ ಬೆನ್ನುಹುರಿಯ ಮಾತು ಆಮೇಲೆ ಬಂತು. ಏಳು ದೇಶಗಳಲ್ಲಿ ನಡೆದು 1991ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನವೊಂದರಲ್ಲಿ, ಹಿಂದೆ ಬೆನ್ನುಹುರಿ ಅಥವಾ ಮಿದುಳಿನ ದೋಷವಿರುವ ಮಗು ಆಗಿದ್ದ ತಾಯಂದಿರಿಗೆ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಸಿಡ್ ಕೊಟ್ಟಾಗ ಅದೇ ದೋಷ ಮರುಕಳಿಸುವುದು ಶೇ. 72ರಷ್ಟು ತಗ್ಗಿತು. ಫಲ ಅಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಮರುವರ್ಷ ಹಂಗೇರಿಯಲ್ಲಿ, ಅಂಥ ಹಿನ್ನೆಲೆ ಇಲ್ಲದವರಿಗೂ ಇದರಿಂದ ಉಪಯೋಗವಿದೆ ಎಂದು ಕಂಡಿತು. ಈಗ ಸಾಮಾನ್ಯವಾಗಿ ಹೇಳುವ ಪ್ರಮಾಣ ದಿನಕ್ಕೆ 400 ಮೈಕ್ರೋಗ್ರಾಂ. ಮೊದಲು ಅಂಥ ಮಗು ಆಗಿದ್ದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ, ಮೂರ್ಛೆರೋಗದ ಮಾತ್ರೆ ತಿನ್ನುವವರಿಗೆ ಹೆಚ್ಚು ಬೇಕಾಗಬಹುದು. ಅದನ್ನು ಡಾಕ್ಟರೇ ಹೇಳಬೇಕು.

ಇಲ್ಲಿ ನಮ್ಮವರಿಗೆ ಒಂದು ಪೇಚಿದೆ. ಬೆನ್ನುಹುರಿಯಾಗಬೇಕಾದ ನಾಳ ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ನಾವೋ ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ರಜೆಗೆ ಊರಿಗೆ ಹೋಗುವವರು. ರಜೆ ಮುಗಿಸಿ ಬಂದ ಮೇಲೆ ಫೋನಿನಲ್ಲಿ ಸಿಹಿಸುದ್ದಿ ಬರುತ್ತದೆ, ಮತ್ತೆ ಡಾಕ್ಟರು, ಮತ್ತೆ ಮಾತ್ರೆ. ಅಷ್ಟರಲ್ಲಿ ಆ 28 ದಿನ ಕಳೆದೇ ಹೋಗಿರುತ್ತದೆ. ಮಗು ಬೇಕೆಂದಿರುವವರು ಟಿಕೆಟ್ ಬುಕ್ ಮಾಡುವಾಗಲೇ ಮನೆಯವಳಿಗೆ ಹೇಳಿಬಿಡಬೇಕು: ಡಾಕ್ಟರನ್ನು ಕೇಳಿ ಈಗಲೇ ಶುರುಮಾಡು, ಮೂರು ತಿಂಗಳು ತುಂಬುವ ತನಕ ಬಿಡಬೇಡ ಅಂತ.

ನಾವು ಮಾಡುವುದು ಬೇರೆಯೇ. ಬ್ಯಾಗಿನಲ್ಲಿ ಖರ್ಜೂರ, ಸೆಂಟು, ಜೊತೆಗೆ ‘ಫಾರಿನ್ ವಿಟಮಿನ್’ ಡಬ್ಬಿ. ಕಳೆದ ಸಲ ಬಸುರಿ ತಂಗಿಗೆಂದು ನಾನೂ ಎರಡು ಡಬ್ಬಿ ಒಯ್ದಿದ್ದೆ, ಒಂದು ಮಲ್ಟಿವಿಟಮಿನ್, ಇನ್ನೊಂದು ಕಾಡ್ ಲಿವರ್ ಆಯಿಲ್. ಮೀನೆಣ್ಣೆ ಅಲ್ಲವಾ, ಒಳ್ಳೆಯದೇ ಅಂದುಕೊಂಡೆ. ಆದರೆ ಮೀನಿನ ಮೈಯ ಎಣ್ಣೆ ಬೇರೆ, ಪಿತ್ತಜನಕಾಂಗದ ಎಣ್ಣೆ ಬೇರೆ. ಎರಡನೆಯದರಲ್ಲಿ ರೆಟಿನಾಲ್ ರೂಪದ ವಿಟಮಿನ್ ಎ ಇರುತ್ತದೆ. ದಿನಕ್ಕೆ 10,000 ಯೂನಿಟ್‌ಗಿಂತ ಹೆಚ್ಚು ರೆಟಿನಾಲ್ ಮಾತ್ರೆಗಳಿಂದ ಸೇವಿಸಿದವರ ಮಕ್ಕಳಲ್ಲಿ ಅಂಗದೋಷ ಹೆಚ್ಚು ಎಂದು 1995ರಲ್ಲೇ ಅಮೆರಿಕದ ಅಧ್ಯಯನ ತೋರಿಸಿತ್ತು. ಎರಡು ಡಬ್ಬಿಯಲ್ಲೂ ಅದೇ ವಿಟಮಿನ್ ಇದ್ದರೆ ಲೆಕ್ಕ ಕೂಡುತ್ತಾ ಹೋಗುತ್ತದೆ. ‘ನಮ್ಮದು ಗಿಡಮೂಲಿಕೆ, ಏನಾಗಲ್ಲ’ ಅನ್ನುವವರೂ ಕೇಳಬೇಕು: 2011-12ರಲ್ಲಿ ನ್ಯೂಯಾರ್ಕಿನಲ್ಲಿ ಆರು ಬಸುರಿಯರ ರಕ್ತದಲ್ಲಿ ಸೀಸ ಏರಿತ್ತು, ಅವರೆಲ್ಲ ತಿಂದದ್ದು ಭಾರತದಿಂದ ಬಂದ ಆಯುರ್ವೇದದ ಮಾತ್ರೆ.

ತಂಗಿ ನನ್ನ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಿದ್ದಳು. ಅಲ್ಲಿನ ಡಾಕ್ಟರಮ್ಮ ಲೇಬಲ್ ಓದಿ ಎರಡನ್ನೂ ಬದಿಗಿಟ್ಟರಂತೆ. ಕೊಟ್ಟದ್ದು ಸರಕಾರದ ಕೆಂಪು ಮಾತ್ರೆ, 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಚಾ ಜೊತೆ ತಿನ್ನಬೇಡ, ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ತಿನ್ನು ಎಂದೂ ಹೇಳಿದರಂತೆ. ದುಡ್ಡು ಕೇಳಲಿಲ್ಲ. “ಅಣ್ಣ, ನೀನು ತಂದದ್ದಕ್ಕೆ ಎಷ್ಟಾಯ್ತು?” ಎಂದು ತಂಗಿ ಕೇಳಿದಳು. ನಾನು ಹೇಳಲಿಲ್ಲ.