ಚಿಲುಮೆ ಮೊದಲು, ಊರು ಆಮೇಲೆ



ಹಜ್ ಮುಗಿಸಿ ಬಂದವರ ಮನೆಗೆ ಹೋದರೆ ಖರ್ಜೂರದ ಜೊತೆ ಒಂದು ಗುಟುಕು ಝಮ್‌ಝಮ್ ನೀರು ಕೊಡುತ್ತಾರೆ. ಆ ನೀರಿನ ಹಿಂದಿರುವ ಇತಿಹಾಸ ನಿಮಗೆ ಗೊತ್ತು. ಹಸುಗೂಸಿನ ಬಾಯಾರಿಕೆ ನೀಗಿಸಲು ಹಜರತ್ ಹಾಜಿರಾ ಅವರು ಸಫಾ-ಮರ್ವಾ ಗುಡ್ಡಗಳ ನಡುವೆ ಓಡಿದರು. ಅಲ್ಲಾಹನ ಕೃಪೆಯಿಂದ ಚಿಲುಮೆ ಉಕ್ಕಿತು. ಆಮೇಲಿನ ಮಾತನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಹಕ್ಕಿಗಳ ಹಾರಾಟ ಕಂಡು ಜುರ್ಹುಮ್ ಕುಲದವರು ಅಲ್ಲಿಗೆ ಬಂದು, ನೆಲೆಸಲು ಆ ತಾಯಿಯ ಅನುಮತಿ ಕೇಳಿದರು. ಇರಬಹುದು, ಆದರೆ ನೀರಿನ ಮೇಲೆ ಒಡೆತನ ಕೇಳಬಾರದೆಂದು ಅವರು ಷರತ್ತು ಹಾಕಿದರು. ಹೀಗೆ ಚಿಲುಮೆ ಮೊದಲು ಬಂತು, ಮಕ್ಕಾ ನಗರ ಆಮೇಲೆ ಬೆಳೆಯಿತು.

ಈ ದೃಷ್ಟಿಯಿಂದ ನಮ್ಮ ಸೀಮೆಯನ್ನೊಮ್ಮೆ ನೋಡಿರಿ. ಉತ್ತರ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 2,800 ಮಿಲಿಮೀಟರ್‌ನಷ್ಟು ಮಳೆಯಾಗುತ್ತದೆ. ಆದರೆ ಅದು ಎಲ್ಲ ಕಡೆ ಸಮನಾಗಿ ಸುರಿಯುವುದಿಲ್ಲ. ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಘಟ್ಟಕ್ಕೆ ತಡೆದು ಜೋಯಿಡಾ, ಕ್ಯಾಸಲ್‌ರಾಕ್ ಕಡೆ ಧಾರಾಕಾರ ಸುರಿಯುತ್ತವೆ. ದಾಂಡೇಲಿ ದಾಟಿ ಹಳಿಯಾಳ, ಮುಂಡಗೋಡ ತಲುಪುವಷ್ಟರಲ್ಲಿ ಮಳೆ ಅರ್ಧಕ್ಕೂ ಕಡಿಮೆಯಾಗುತ್ತದೆ. ಆದ್ದರಿಂದಲೇ ಅತ್ತ ಘಟ್ಟದವರು ಝರಿಯನ್ನು ನಂಬಿದರು, ಇತ್ತ ಬಯಲಿನವರು ಕೆರೆ ಕಟ್ಟಿಕೊಂಡರು.

ಮಳೆಗಾಲ ಮುಗಿದು ತಿಂಗಳುಗಳಾದರೂ ಝರಿ ಹರಿಯುವುದು ಹೇಗೆ? ಕಾಡಿನಲ್ಲಿ ಮಳೆಯ ಹನಿ ನೇರವಾಗಿ ನೆಲಕ್ಕೆ ಬಡಿಯುವುದಿಲ್ಲ. ಎಲೆಗಳ ಮೇಲೆ ಬಿದ್ದು, ನೆಲದ ತರಗೆಲೆಯಲ್ಲಿ ನಿಂತು, ಬೇರಿನ ಗುಂಟ ಮೆಲ್ಲಗೆ ಒಳಗಿಳಿಯುತ್ತದೆ. ರಂಧ್ರಗಳಿರುವ ಜಂಬಿಟ್ಟಿಗೆ ಕಲ್ಲು ಅದನ್ನು ಹೀರಿಕೊಳ್ಳುತ್ತದೆ. ಕೆಳಗೆ ಗಟ್ಟಿ ಬಂಡೆ ಅಡ್ಡ ಬಂದಾಗ ಆ ನೀರು ಪಕ್ಕಕ್ಕೆ ಸರಿದು ಗುಡ್ಡದ ಬುಡದಲ್ಲಿ ಹೊರಬರುತ್ತದೆ. ಅಂದರೆ ಮಾರ್ಚ್‌ನಲ್ಲಿ ನಾವು ಕುಡಿಯುವ ಒರತೆಯ ನೀರು ಜುಲೈನ ಮಳೆಯೇ! ಮೇಲಿನ ಮರಗಳನ್ನು ಕಡಿದರೆ ಅದೇ ಮಳೆ ಒಂದೇ ದಿನದಲ್ಲಿ ಹಳ್ಳ ಸೇರಿ ಹೋಗುತ್ತದೆ. ಜೋಯಿಡಾ ತಾಲೂಕಿನ ಡಿಗ್ಗಿ ಬಳಿ ಹುಟ್ಟಿ 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುವ ಕಾಳಿ ನದಿ ಕೂಡ ಬೇಸಿಗೆಯಲ್ಲಿ ಇಂತಹ ಸಣ್ಣ ಸೆಲೆಗಳನ್ನೇ ನೆಚ್ಚಿಕೊಂಡಿದೆ.

ಈ ನೀರಿನ ಸುತ್ತ ಮನುಷ್ಯರ ಇತಿಹಾಸವೂ ಇದೆ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಚಮ್ಮಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ತಂದುಕೊಂಡರೆಂದು ಬೀಗರಿಬ್ಬರಿಗೂ ಮರಣದಂಡನೆಯಾಯಿತು. ಆ ಗಲಭೆಯಲ್ಲಿ ಚನ್ನಬಸವಣ್ಣನವರ ಜೊತೆ ಹೊರಟ ಶರಣರು ಜೋಯಿಡಾದ ಉಳವಿ ಕಾಡಿಗೆ ಬಂದು ಸೇರಿದರೆಂಬುದು ಪರಂಪರೆಯ ಮಾತು. ಇಂದಿಗೂ ಉಳವಿಯ ಕಾಡಿನಲ್ಲಿ ‘ಹರಳಯ್ಯನ ಚಿಲುಮೆ’ ಇದೆ. ಯಾರ ಮುಟ್ಟಿದ ನೀರನ್ನು ಮೇಲ್ಜಾತಿಯವರು ಕುಡಿಯುತ್ತಿರಲಿಲ್ಲವೋ ಅವನ ಹೆಸರೇ ಚಿಲುಮೆಗೆ ಉಳಿದಿದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಬಯಲುಸೀಮೆಯಿಂದ ಚಕ್ಕಡಿ ಕಟ್ಟಿಕೊಂಡು ಬರುವವರಿಗೆ ಈ ಕಾಡಿನ ನೀರೇ ಆಸರೆ. ಇನ್ನು ನಮ್ಮ ಸಿದ್ದಿ ಬಾಂಧವರನ್ನು ನೋಡಿ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಹಳ್ಳದ ನೀರು ಯಾರ ಧರ್ಮವನ್ನೂ ಕೇಳಿಲ್ಲ.

ನೀರಿನಿಂದ ಕಟ್ಟಿದ ಊರು ನೀರಿನಲ್ಲೇ ಮುಳುಗಿದ್ದನ್ನೂ ನಮ್ಮ ಹಿರಿಯರು ಕಂಡಿದ್ದಾರೆ. ಕಾಳಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಕಟ್ಟಿದಾಗ, 1980ರ ದಶಕದಲ್ಲಿ, ಸೂಪಾ ಪಟ್ಟಣ ಜಲಾಶಯದ ತಳ ಸೇರಿತು. ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು. ಮನೆ ಕಳೆದುಕೊಂಡ ಅನೇಕರು ರಾಮನಗರಕ್ಕೆ ಹೋದರು. ನಾವು ಓದುವ ದೀಪದ ಬೆಳಕಿನಲ್ಲಿ ಅವರ ಅಂಗಳದ ಋಣವೂ ಇದೆ.

ಇಷ್ಟು ಮಳೆಯ ನಾಡಿಗೆ ಚಿಂತೆ ಏಕೆಂದು ನೀವು ಕೇಳಬಹುದು. 2018ರ ನೀತಿ ಆಯೋಗದ ವರದಿಯ ಪ್ರಕಾರ ಹಿಮಾಲಯದ ಅರ್ಧದಷ್ಟು ಚಿಲುಮೆಗಳು ಬತ್ತುತ್ತಿವೆ. 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮಳೆ ತಡವಾಗಿ ಬಂದು, ಬಂದಾಗ ಒಮ್ಮೆಲೇ ಸುರಿದರೆ, ನೆಲಕ್ಕೆ ಅದನ್ನು ಕುಡಿಯಲು ಪುರುಸೊತ್ತು ಸಿಗುವುದಿಲ್ಲ.

ಉರ್ದುವಿನಲ್ಲಿ ಚಿಲುಮೆಗೆ ‘ಚಷ್ಮಾ’ ಎನ್ನುತ್ತಾರೆ. ತರಗತಿಯಲ್ಲಿ ಈ ಪದ ಬಂದಾಗ ಮಕ್ಕಳು ನನ್ನ ಕನ್ನಡಕ ನೋಡಿ ನಗುತ್ತಾರೆ. ಎರಡಕ್ಕೂ ಮೂಲ ‘ಚಷ್ಮ್’, ಅಂದರೆ ಕಣ್ಣು. ಚಿಲುಮೆ ಭೂಮಿಯ ಕಣ್ಣು. ಬತ್ತಿದರೆ ಊರೇ ಕುರುಡು.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಊರಿನ ಅಜ್ಜ-ಅಜ್ಜಿ, ದಾದಾ-ದಾದಿಯರನ್ನು ಕೇಳಿ, ಹತ್ತಿರದ ಝರಿಯ ಹೆಸರೇನು, ಹಿಂದೆ ಯಾವ ತಿಂಗಳವರೆಗೆ ಹರಿಯುತ್ತಿತ್ತು, ಈಗ ಯಾವಾಗ ನಿಲ್ಲುತ್ತದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅದೇ ನಿಮ್ಮ ಊರಿನ ಇತಿಹಾಸದ ಮೊದಲ ಪುಟ. ವುಜೂ ಮಾಡುವಾಗ ನಲ್ಲಿಯನ್ನು ಸಣ್ಣಗೆ ಬಿಡುವುದೂ ಆ ಪುಟವನ್ನು ಕಾಪಾಡುವ ಕೆಲಸವೇ.

ಹಾಜಿರಾ ಅವರ ಷರತ್ತು ನಮಗೂ ಅನ್ವಯಿಸುತ್ತದೆ. ಇಲ್ಲಿ ನೆಲೆಸಲು ನಮಗೆ ಅನುಮತಿ ಇದೆ, ನೀರಿನ ಮೇಲೆ ಒಡೆತನವಿಲ್ಲ. ಅದನ್ನು ಮುಂದಿನವರಿಗೆ ಉಳಿಸಿಕೊಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.